ಕ್ಯಾಡ್ ವರ್ಕ್‌ಸ್ಪೇಸ್ ಕೆಟ್ಟರೆ ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಕೊಂಡರೆ ಸಾಕೇ?

ಚುಟುಕಾಗಿ: ಸಾಲದು. ಬಹಳ ಸಲ ಅದೇ ದೊಡ್ಡ ತಪ್ಪಾಗುತ್ತದೆ. ವರ್ಕ್‌ಸ್ಪೇಸ್ ಕೆಟ್ಟಾಗ ಸರ್ವರ್‌ನಲ್ಲಿರುವ ಮೂಲ ಫೈಲುಗಳು ಸಾಮಾನ್ಯವಾಗಿ ಸುರಕ್ಷಿತವಾಗಿರುತ್ತವೆ. ಅಪಾಯದಲ್ಲಿರುವುದು ನೀವು ಇನ್ನೂ ಸರ್ವರ್‌ಗೆ ಒಪ್ಪಿಸದ, ನಿಮ್ಮ ಕಂಪ್ಯೂಟರ್‌ನಲ್ಲಿ ಮಾತ್ರ ಇರುವ ಕೆಲಸ. 'ಡಿಲೀಟ್' ಒತ್ತಿದಾಗ ಹೋಗುವುದೂ ಅದೇ.

ಈ ಲೇಖನ ಬರೆಯಲು ನಮಗೆ ಕಾರಣವಾದದ್ದು ಒಂದು ವಾಟ್ಸ್ಆ್ಯಪ್ ಸಂದೇಶ. ಶಹಾಪುರದ ತಮ್ಮ ಮನೆಯಿಂದಲೇ ಹೊರ ಊರಿನ ಕಂಪನಿಯೊಂದಕ್ಕೆ ಕ್ಯಾಡ್ ಕೆಲಸ ಮಾಡುವ ಪರಿಚಿತರೊಬ್ಬರು ರಾತ್ರಿ ಕಳಿಸಿದ್ದರು: "ಕರೆಂಟ್ ಹೋಗಿ ಬಂತ್ರಿ. ಮೂರು ದಿನ ಮಾಡಿದ ಕೆಲಸ ಕಾಣವಲ್ದು. ಎಲ್ಲಾ ಡಿಲೀಟ್ ಮಾಡಿ ಹೊಸದಾಗಿ ಹಾಕ್ಲೇನ್ರಿ?" ಅವರಿಗೆ ನಾವು ಕೊಟ್ಟ ಮೊದಲ ಉತ್ತರ: "ಈಗ ಏನನ್ನೂ ಮುಟ್ಟಬೇಡಿ." ಯಾಕೆ ಹಾಗೆ ಹೇಳಿದೆವು, ಆಮೇಲೆ ಯಾವ ಕ್ರಮದಲ್ಲಿ ಹೋಗಬೇಕು ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇವೆ.

ಕ್ಯಾಡ್ ಡೇಟಾ ನಿರ್ವಹಣೆ ಎಂದರೇನು?

ಕ್ಯಾಡ್ ಎಂದರೆ ಕಂಪ್ಯೂಟರ್ ನೆರವಿನಿಂದ ಮಾಡುವ ವಿನ್ಯಾಸ. ಮನೆಯ ನಕ್ಷೆಯಿಂದ ಹಿಡಿದು ಕಾಲುವೆಯ ಗೇಟು, ಪಂಪು, ರೈಲು ಬೋಗಿಯವರೆಗೆ ಇಂದು ಎಲ್ಲವೂ ಮೊದಲು ಪರದೆಯ ಮೇಲೆ ತಯಾರಾಗುತ್ತದೆ. ಒಬ್ಬರೇ ಒಂದು ನಕ್ಷೆ ಬರೆಯುವಾಗ ಫೈಲನ್ನು ಫೋಲ್ಡರ್‌ನಲ್ಲಿ ಇಟ್ಟರೆ ಸಾಕು. ಆದರೆ ಒಂದು ಯಂತ್ರದಲ್ಲಿ ಸಾವಿರ ಬಿಡಿಭಾಗಗಳಿದ್ದು, ಹತ್ತು ಜನ ಒಟ್ಟಿಗೆ ಕೆಲಸ ಮಾಡುವಾಗ ತೊಂದರೆ ಶುರುವಾಗುತ್ತದೆ. 'ಫೈನಲ್', 'ಫೈನಲ್ 2', 'ನಿಜವಾದ ಫೈನಲ್' ಎಂಬ ಹೆಸರಿನ ಫೈಲುಗಳನ್ನು ನೋಡದ ಎಂಜಿನಿಯರ್ ಸಿಗುವುದು ಕಷ್ಟ.

ಇದಕ್ಕಾಗಿಯೇ ಡೇಟಾ ನಿರ್ವಹಣಾ ತಂತ್ರಾಂಶಗಳಿವೆ. ಪಿಟಿಸಿ ಕಂಪನಿಯ ವಿಂಡ್‌ಚಿಲ್, ಸಾಲಿಡ್‌ವರ್ಕ್ಸ್ ಪಿಡಿಎಂ, ಆಟೋಡೆಸ್ಕ್ ವಾಲ್ಟ್ ಇವು ಹೆಚ್ಚು ಬಳಕೆಯಲ್ಲಿರುವವು. ಇವುಗಳ ಕೆಲಸವನ್ನು ಊರಿನ ಗ್ರಂಥಾಲಯಕ್ಕೆ ಹೋಲಿಸಬಹುದು. ಪುಸ್ತಕ ಬೇಕಿದ್ದರೆ ರಿಜಿಸ್ಟರ್‌ನಲ್ಲಿ ಬರೆಸಿ ಮನೆಗೆ ಒಯ್ಯುತ್ತೀರಿ. ಇದು 'ಚೆಕ್ ಔಟ್'. ಅದು ನಿಮ್ಮ ಬಳಿ ಇರುವವರೆಗೆ ಬೇರೆಯವರಿಗೆ ಸಿಗದು. ಹಿಂತಿರುಗಿಸಿದಾಗ ರಿಜಿಸ್ಟರ್‌ನಲ್ಲಿ ಜಮಾ ಆಗುತ್ತದೆ. ಇದು 'ಚೆಕ್ ಇನ್'. ಒಂದೇ ವ್ಯತ್ಯಾಸವೆಂದರೆ, ಕ್ಯಾಡ್‌ನಲ್ಲಿ ಒಯ್ಯುವುದು ಮೂಲವನ್ನಲ್ಲ, ಪ್ರತಿಯನ್ನು. ಆ ಪ್ರತಿಯನ್ನು ತಿದ್ದಿ ಹಿಂತಿರುಗಿಸಿದಾಗ ಅದು ಹೊಸ ಆವೃತ್ತಿಯಾಗಿ ಸೇರುತ್ತದೆ, ಹಳೆಯದೂ ಉಳಿಯುತ್ತದೆ.

ಹೀಗೆ ಒಯ್ದ ಪ್ರತಿಗಳನ್ನು ಹರಡಿಕೊಂಡು ಕೆಲಸ ಮಾಡುವ ನಿಮ್ಮ ಸ್ವಂತ ಮೇಜೇ 'ವರ್ಕ್‌ಸ್ಪೇಸ್'.

ಒಂದು ಪದ, ಎರಡು ಅರ್ಥ

ಮುಂದೆ ಹೋಗುವ ಮೊದಲು ಒಂದು ಗೊಂದಲ ನಿವಾರಿಸೋಣ. ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ಆಟೋಕ್ಯಾಡ್ ಕಲಿತವರಿಗೆ 'ವರ್ಕ್‌ಸ್ಪೇಸ್' ಎಂದರೆ ಬೇರೆಯೇ ವಸ್ತು. ಅಲ್ಲಿ ಅದು ಪರದೆಯ ಮೇಲಿನ ಮೆನು, ರಿಬ್ಬನ್, ಟೂಲ್‌ಬಾರ್‌ಗಳ ಜೋಡಣೆ. ಅದು ಕೆಟ್ಟರೆ ರಿಬ್ಬನ್ ಮಾಯವಾಗುತ್ತದೆ, ಮೆನುಗಳು ಕಾಣುವುದಿಲ್ಲ. ಆದರೆ ನಕ್ಷೆಗೆ ಏನೂ ಆಗಿರುವುದಿಲ್ಲ. 'ರಿಬ್ಬನ್' ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಹಲವು ಸಲ ಅದು ಮರಳಿ ಬರುತ್ತದೆ. ಬಾರದಿದ್ದರೆ ಕೆಳಗಿನ ಗಿಯರ್ ಗುರುತಿನಿಂದ ವರ್ಕ್‌ಸ್ಪೇಸನ್ನು ಮತ್ತೆ ಆರಿಸಬೇಕು. ಅದಕ್ಕೂ ಬಗ್ಗದಿದ್ದರೆ ವಿಂಡೋಸ್‌ನ ಸ್ಟಾರ್ಟ್ ಮೆನುವಿನಲ್ಲಿ ಆಟೋಕ್ಯಾಡ್ ಜೊತೆಗೇ ಇರುವ 'ರಿಸೆಟ್ ಸೆಟ್ಟಿಂಗ್ಸ್ ಟು ಡಿಫಾಲ್ಟ್' ಆಯ್ಕೆಯಿದೆ. ಅದು ಕೇಳಿದಾಗ ಹಳೆಯ ಸೆಟ್ಟಿಂಗ್‌ಗಳ ಬ್ಯಾಕಪ್ ತೆಗೆದುಕೊಂಡು ಮುಂದುವರಿಯಿರಿ.

ಈ ಲೇಖನದ ಉಳಿದ ಭಾಗ ಎರಡನೆಯ ಅರ್ಥದ, ಅಂದರೆ ಡೇಟಾ ನಿರ್ವಹಣೆಯ ವರ್ಕ್‌ಸ್ಪೇಸ್ ಕುರಿತದ್ದು. ಇಲ್ಲಿ ಕೆಟ್ಟರೆ ಕೆಲಸವೇ ಹೋಗಬಹುದು.

ನೀವು ಮಾಡಿದ ಕೆಲಸ ನಿಜಕ್ಕೂ ಎಲ್ಲಿದೆ?

ಇದು ಗೊತ್ತಿದ್ದರೆ ಅರ್ಧ ಸಮಸ್ಯೆ ಬಗೆಹರಿದಂತೆ. ಕ್ರಿಯೋ ತಂತ್ರಾಂಶವನ್ನು ವಿಂಡ್‌ಚಿಲ್ ಜೊತೆ ಬಳಸುವಾಗ ನಿಮ್ಮ ಫೈಲ್ ನಾಲ್ಕು ಜಾಗಗಳಲ್ಲಿ ಇರಬಹುದು.

1. ಸೆಷನ್: ಕಂಪ್ಯೂಟರ್‌ನ ರ‍್ಯಾಮ್. ಪರದೆಯ ಮೇಲೆ ಈಗ ಕಾಣುತ್ತಿರುವುದು ಇದು. ಕರೆಂಟ್ ಹೋದರೆ ಇದೂ ಹೋಗುತ್ತದೆ.

2. ಲೋಕಲ್ ಕ್ಯಾಶ್: ನಿಮ್ಮ ಹಾರ್ಡ್ ಡಿಸ್ಕ್‌ನಲ್ಲಿ ತಂತ್ರಾಂಶ ಇಟ್ಟುಕೊಂಡಿರುವ ಫೋಲ್ಡರ್. 'ಸೇವ್' ಒತ್ತಿದಾಗ ಫೈಲ್ ಬರುವುದು ಇಲ್ಲಿಗೆ.

3. ಸರ್ವರ್ ಬದಿಯ ವರ್ಕ್‌ಸ್ಪೇಸ್: ನಿಮ್ಮ ಹೆಸರಿನಲ್ಲಿ ಸರ್ವರ್ ಇಟ್ಟಿರುವ ಪಟ್ಟಿ, ಜೊತೆಗೆ ನೀವು 'ಅಪ್‌ಲೋಡ್' ಮಾಡಿದ್ದರೆ ಆ ಫೈಲುಗಳು. ಇದು ನಿಮಗೆ ಮಾತ್ರ ಸೇರಿದ್ದು.

4. ಕಾಮನ್‌ಸ್ಪೇಸ್: ಇಡೀ ತಂಡಕ್ಕೆ ಕಾಣುವ ಅಧಿಕೃತ ಸಂಗ್ರಹ. 'ಚೆಕ್ ಇನ್' ಮಾಡಿದ ಮೇಲೆಯೇ ಕೆಲಸ ಇಲ್ಲಿಗೆ ಬರುತ್ತದೆ.

ಸಾಲಿಡ್‌ವರ್ಕ್ಸ್ ಪಿಡಿಎಂ ಮತ್ತು ವಾಲ್ಟ್‌ನಲ್ಲಿ ಹೆಸರುಗಳು ಬೇರೆ, ಮೆಟ್ಟಿಲುಗಳ ಸಂಖ್ಯೆಯೂ ಸ್ವಲ್ಪ ಬೇರೆ. ತತ್ವ ಮಾತ್ರ ಒಂದೇ: ಸೇವ್ ಮಾಡಿದ್ದು ನಿಮ್ಮ ಯಂತ್ರದಲ್ಲಿ, ಚೆಕ್ ಇನ್ ಮಾಡಿದ್ದು ಸರ್ವರ್‌ನಲ್ಲಿ.

ನಮ್ಮ ಶಹಾಪುರದ ಪರಿಚಿತರು ಮೂರು ದಿನ ತಪ್ಪದೇ ಸೇವ್ ಮಾಡಿದ್ದರು. ಒಂದು ಸಲವೂ ಚೆಕ್ ಇನ್ ಮಾಡಿರಲಿಲ್ಲ. ಅಂದರೆ ಆ ಮೂರು ದಿನದ ದುಡಿಮೆ ಇಡೀ ಜಗತ್ತಿನಲ್ಲಿ ಒಂದೇ ಒಂದು ಕಡೆ, ಅವರ ಲ್ಯಾಪ್‌ಟಾಪ್‌ನ ಕ್ಯಾಶ್ ಫೋಲ್ಡರ್‌ನಲ್ಲಿ ಇತ್ತು. ಅವರು ಅಳಿಸಲು ಹೊರಟಿದ್ದೂ ಅದನ್ನೇ.

'ಕರಪ್ಟ್' ಆಗುವುದು ಎಂದರೆ ಏನು ಕೆಡುವುದು?

ಕರಪ್ಟ್ ಎಂಬ ಒಂದೇ ಪದವನ್ನು ಮೂರು ಬೇರೆ ಬೇರೆ ತೊಂದರೆಗಳಿಗೆ ಬಳಸುತ್ತೇವೆ.

ಮೊದಲನೆಯದು, ಪಟ್ಟಿ ಕೆಡುವುದು. ಫೈಲ್ ಸರಿಯಾಗಿಯೇ ಇದೆ, ಆದರೆ ಅದರ ಬಗ್ಗೆ ಬರೆದಿಟ್ಟ ವಿವರ ತಪ್ಪಾಗಿದೆ. ಇದನ್ನು ನಮ್ಮ ಜಿಲ್ಲೆಯ ಉದಾಹರಣೆಯಿಂದಲೇ ಅರ್ಥ ಮಾಡಿಕೊಳ್ಳಬಹುದು. ಕೊಡೇಕಲ್ ಊರನ್ನು ತೆಗೆದುಕೊಳ್ಳಿ. 2009ರ ಡಿಸೆಂಬರ್ 30ರಂದು ಯಾದಗಿರಿ ಹೊಸ ಜಿಲ್ಲೆಯಾಗುವವರೆಗೆ ಅದರ ವಿಳಾಸ ಗುಲಬರ್ಗಾ ಜಿಲ್ಲೆ, ಶೋರಾಪುರ ತಾಲ್ಲೂಕು. ಆಮೇಲೆ ಯಾದಗಿರಿ ಜಿಲ್ಲೆ, ಸುರಪುರ ತಾಲ್ಲೂಕು. ಹುಣಸಗಿ ಹೊಸ ತಾಲ್ಲೂಕಾದ ಮೇಲೆ ಯಾದಗಿರಿ ಜಿಲ್ಲೆ, ಹುಣಸಗಿ ತಾಲ್ಲೂಕು. ಊರು ಇದ್ದಲ್ಲೇ ಇದೆ, ಒಂದು ಅಡಿಯೂ ಸರಿದಿಲ್ಲ. ಒಂದು ಕಚೇರಿಯ ಕಡತದಲ್ಲಿ ಹಳೆಯ ವಿಳಾಸ, ಇನ್ನೊಂದರಲ್ಲಿ ಹೊಸದು ಇದ್ದರೆ ಅಲ್ಲಿನ ಗುಮಾಸ್ತರಿಗೆ ಎರಡೂ ಒಂದೇ ಊರೆಂದು ತಿಳಿದೀತು. ತಂತ್ರಾಂಶಕ್ಕೆ ಆ ಊಹೆ ಬಾರದು. ನಿಮ್ಮ ಕ್ಯಾಶ್‌ನಲ್ಲಿ ಒಂದು ವಿವರ, ಸರ್ವರ್‌ನಲ್ಲಿ ಇನ್ನೊಂದು ವಿವರ ಇದ್ದರೆ ಅದು 'ಫೈಲ್ ಸಿಗುತ್ತಿಲ್ಲ' ಎನ್ನುತ್ತದೆ. ಇಂಥ ತೊಂದರೆಯಲ್ಲಿ ಕೆಲಸ ಕಳೆದಿರುವುದಿಲ್ಲ.

ಎರಡನೆಯದು, ಕೊಂಡಿ ಕಳಚುವುದು. ಜೋಡಣೆಯ ಫೈಲ್ ಅಂದರೆ ಬಹುಪಾಲು ಒಂದು ಪಟ್ಟಿ: ಇಂಥ ಬೋಲ್ಟು ಇಲ್ಲಿ, ಇಂಥ ತಟ್ಟೆ ಅಲ್ಲಿ ಎಂದು. ಪಟ್ಟಿಯಲ್ಲಿರುವ ಒಂದು ಭಾಗ ವರ್ಕ್‌ಸ್ಪೇಸ್‌ನಲ್ಲಿ ಇಲ್ಲದಿದ್ದರೆ ವಿಂಡ್‌ಚಿಲ್ ಅದರ ಜಾಗದಲ್ಲಿ ಹೆಸರಿಗಷ್ಟೇ ಒಂದು ವಸ್ತು ಇಡುತ್ತದೆ. ಇದಕ್ಕೆ 'ಘೋಸ್ಟ್', ಅಂದರೆ ದೆವ್ವ ಎಂದೇ ಹೆಸರು. ಹೆಸರಿದೆ, ಮೈ ಇಲ್ಲ. ಇಂಥವು ಇದ್ದರೆ ಚೆಕ್ ಇನ್ ಆಗಲು ತಂತ್ರಾಂಶ ಬಿಡುವುದಿಲ್ಲ.

ಮೂರನೆಯದು, ಫೈಲೇ ಕೆಡುವುದು. ಬರೆಯುತ್ತಿರುವಾಗಲೇ ನಿಂತುಹೋಗಿ ಅರ್ಧ ಫೈಲ್ ಮಾತ್ರ ಡಿಸ್ಕ್‌ನಲ್ಲಿ ಉಳಿಯುವುದು. ಮೂರರಲ್ಲಿ ಗಂಭೀರವಾದದ್ದು ಇದು.

ಮೂರೂ ತೊಂದರೆಗಳ ಲಕ್ಷಣಗಳು ಹೊರಗಿನಿಂದ ಒಂದೇ ತರಹ ಕಾಣಬಹುದು: ತೆರೆಯುವುದಿಲ್ಲ, ಚೆಕ್ ಇನ್ ಆಗುವುದಿಲ್ಲ, ತಂತ್ರಾಂಶ ತಾನಾಗಿ ಮುಚ್ಚಿಕೊಳ್ಳುತ್ತದೆ. ಆದ್ದರಿಂದಲೇ ಯಾವುದು ಎಂದು ತಿಳಿಯದೆ ಔಷಧ ಹಾಕಬಾರದು.

ಕೆಡಲು ಕಾರಣಗಳೇನು?

ವಿದ್ಯುತ್ ಕಡಿತ: ಫೈಲ್ ಸೇವ್ ಮಾಡಿದಾಗ ಅದು ಆ ಕ್ಷಣವೇ ಡಿಸ್ಕ್‌ಗೆ ಹೋಗುತ್ತದೆ ಎಂದು ನಾವು ತಿಳಿದಿರುತ್ತೇವೆ. ವಾಸ್ತವದಲ್ಲಿ ವೇಗಕ್ಕಾಗಿ ವಿಂಡೋಸ್ ಸ್ವಲ್ಪ ಹೊತ್ತು ಅದನ್ನು ರ‍್ಯಾಮ್‌ನಲ್ಲೇ ಇಟ್ಟುಕೊಂಡು ಆಮೇಲೆ ಬರೆಯುತ್ತದೆ. ಆ ನಡುವೆ ಕರೆಂಟ್ ಹೋದರೆ ಬರಹ ಅರ್ಧಕ್ಕೆ ನಿಲ್ಲುತ್ತದೆ. ವಿಂಡೋಸ್‌ನ ಎನ್‌ಟಿಎಫ್ಎಸ್ ವ್ಯವಸ್ಥೆ ಫೋಲ್ಡರ್‌ಗಳ ರಚನೆಯನ್ನು ಸರಿಪಡಿಸಿಕೊಳ್ಳಬಲ್ಲದು, ಆದರೆ ಫೈಲಿನ ಒಳಗಿನ ವಿಷಯಕ್ಕೆ ಆ ಖಾತ್ರಿ ಇಲ್ಲ. ಹೆಸರು, ಗಾತ್ರ ಎಲ್ಲ ಸರಿಯಿದ್ದೂ ತೆರೆದರೆ ಒಳಗೆ ಏನೂ ಇಲ್ಲದಿರುವುದು ಹೀಗೆಯೇ.

"ಮನೆಯಲ್ಲಿ ಇನ್ವರ್ಟರ್ ಇದೆ, ಆದರೂ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ" ಎಂದು ಹಲವರು ಹೇಳುತ್ತಾರೆ. ಕಾರಣ ಸರಳ. ಕರೆಂಟಿನಿಂದ ಬ್ಯಾಟರಿಗೆ ಬದಲಾಗುವಾಗ ಇನ್ವರ್ಟರ್ ಕ್ಷಣಮಾತ್ರ ತಡ ಮಾಡುತ್ತದೆ. ಫ್ಯಾನಿಗೆ ಅದು ತಿಳಿಯುವುದೇ ಇಲ್ಲ, ಡೆಸ್ಕ್‌ಟಾಪ್‌ಗೆ ತಿಳಿಯುತ್ತದೆ. ಹಲವು ಇನ್ವರ್ಟರ್‌ಗಳ ಹಿಂದೆ 'ಯುಪಿಎಸ್ ಮೋಡ್' ಎಂಬ ಸ್ವಿಚ್ ಇರುತ್ತದೆ. ಅದನ್ನು ಹಾಕಿದರೆ ಬದಲಾವಣೆ ಬೇಗ ಆಗುತ್ತದೆ. ಡೆಸ್ಕ್‌ಟಾಪ್‌ಗೆ ಬೇರೆಯೇ ಯುಪಿಎಸ್ ಇದ್ದರೆ ಇನ್ನೂ ಒಳ್ಳೆಯದು.

ಹಾಗಾದರೆ ಬ್ಯಾಟರಿ ಇರುವ ಲ್ಯಾಪ್‌ಟಾಪ್ ಸುರಕ್ಷಿತವೇ? ಬ್ಯಾಟರಿ ಚೆನ್ನಾಗಿದ್ದರೆ ಹೌದು. ವರ್ಷಗಟ್ಟಲೆ ಚಾರ್ಜರ್‌ಗೆ ಹಾಕಿಯೇ ಬಳಸಿದ ಲ್ಯಾಪ್‌ಟಾಪ್‌ನ ಬ್ಯಾಟರಿ ಸತ್ತಿರಬಹುದು. ನಮ್ಮ ಪರಿಚಿತರಿಗೆ ಆದದ್ದೂ ಇದೇ. ಯಾದಗಿರಿ ಕಡೆಯ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದೆ. ಬಿಸಿ ಹೆಚ್ಚಿದಷ್ಟೂ ಲಿಥಿಯಂ ಬ್ಯಾಟರಿ ಬೇಗ ಸವೆಯುತ್ತದೆ.

ಡಿಸ್ಕ್ ತುಂಬುವುದು: ಕ್ಯಾಶ್ ಬೆಳೆಯುತ್ತಲೇ ಇರುತ್ತದೆ. ಸಿ ಡ್ರೈವ್‌ನಲ್ಲಿ ಜಾಗ ಮುಗಿದಾಗ ಸೇವ್ ಅರ್ಧಕ್ಕೆ ನಿಲ್ಲಬಹುದು.

ನೆಟ್‌ವರ್ಕ್ ಕಡಿತ: ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ದೊಡ್ಡ ಜೋಡಣೆಯನ್ನು ಚೆಕ್ ಇನ್ ಮಾಡುವಾಗ ಸಿಗ್ನಲ್ ಹೋಗುವುದುಂಟು. ಸರ್ವರ್‌ನ ಡೇಟಾಬೇಸ್ 'ಎಲ್ಲವೂ, ಇಲ್ಲವೇ ಏನೂ ಇಲ್ಲ' ಎಂಬ ನಿಯಮ ಪಾಲಿಸುವುದರಿಂದ ಅಧಿಕೃತ ಸಂಗ್ರಹದಲ್ಲಿ ಅರ್ಧಂಬರ್ಧ ಸೇರುವುದು ಅಪರೂಪ. ಆದರೆ ನಿಮ್ಮ ಕ್ಯಾಶ್‌ಗೂ ಸರ್ವರ್‌ನ ಪಟ್ಟಿಗೂ ಲೆಕ್ಕ ತಪ್ಪಬಹುದು.

ಬೇರೆ ತಂತ್ರಾಂಶಗಳ ಕೈವಾಡ: ಆ್ಯಂಟಿವೈರಸ್ ಒಂದು ಫೈಲನ್ನು ಪರೀಕ್ಷಿಸುತ್ತಿರುವಾಗ ಕ್ಯಾಡ್ ಅದಕ್ಕೆ ಬರೆಯಲು ಹೋದರೆ ತಡೆಯಾಗುತ್ತದೆ. ಕ್ಯಾಶ್ ಫೋಲ್ಡರನ್ನು ಒನ್‌ಡ್ರೈವ್‌ನಂಥ ಸೇವೆ ಸಿಂಕ್ ಮಾಡುತ್ತಿದ್ದರೆ ಇನ್ನೂ ಕೆಟ್ಟದು. ಒಂದೇ ಫೋಲ್ಡರ್‌ಗೆ ಇಬ್ಬರು ಯಜಮಾನರು.

ಮುಚ್ಚದ ಹಳೆಯ ಸೆಷನ್: ಕ್ರಿಯೋ ಹ್ಯಾಂಗ್ ಆಗಿ ಕಣ್ಣಿಗೆ ಕಾಣದಿದ್ದರೂ ಹಿನ್ನೆಲೆಯಲ್ಲಿ 'ಎಕ್ಸ್‌ಟಾಪ್' ಎಂಬ ಹೆಸರಿನಲ್ಲಿ ಓಡುತ್ತಿರಬಹುದು. ಅದು ಕ್ಯಾಶನ್ನು ಹಿಡಿದಿಟ್ಟುಕೊಂಡಿದ್ದರೆ ಹೊಸ ಸೆಷನ್‌ಗೆ ತೊಂದರೆ. ಇಲ್ಲಿ ಏನೂ ಕೆಟ್ಟಿರುವುದಿಲ್ಲ, ಬಾಗಿಲು ಒಳಗಿನಿಂದ ಹಾಕಿದೆ ಅಷ್ಟೇ.

ಕೆಲವು ನಂಬಿಕೆಗಳು, ಅವುಗಳ ನಿಜ

ನಂಬಿಕೆ: ಕರಪ್ಟ್ ಆಯಿತೆಂದರೆ ವೈರಸ್ ಬಂದಿದೆ.
ನಿಜ: ವೈರಸ್‌ನಿಂದಲೂ ಫೈಲ್ ಕೆಡಬಹುದು. ಆದರೆ ವರ್ಕ್‌ಸ್ಪೇಸ್ ಮಾತ್ರ ಕೆಟ್ಟು ಉಳಿದೆಲ್ಲ ಸರಿಯಿದ್ದರೆ ಮೇಲಿನ ಸಾದಾ ಕಾರಣಗಳನ್ನೇ ಮೊದಲು ನೋಡಬೇಕು.

ನಂಬಿಕೆ: ತಂತ್ರಾಂಶ ತೆಗೆದು ಮತ್ತೆ ಹಾಕಿದರೆ ಸರಿಹೋಗುತ್ತದೆ.
ನಿಜ: ಕ್ಯಾಶ್ ಸಾಮಾನ್ಯವಾಗಿ ತಂತ್ರಾಂಶದ ಫೋಲ್ಡರ್‌ನಲ್ಲಿ ಇರದೆ ನಿಮ್ಮ ವಿಂಡೋಸ್ ಬಳಕೆದಾರ ಫೋಲ್ಡರ್‌ನಲ್ಲಿ ಇರುತ್ತದೆ. ಆದ್ದರಿಂದ ಮರುಸ್ಥಾಪನೆ ಕೆಟ್ಟದ್ದನ್ನು ಮುಟ್ಟುವುದೇ ಇಲ್ಲ. ಇಡೀ ಕಂಪ್ಯೂಟರನ್ನೇ ಫಾರ್ಮ್ಯಾಟ್ ಮಾಡಿದರೆ ಮುಟ್ಟುತ್ತದೆ, ಜೊತೆಗೆ ನಿಮ್ಮ ಕೆಲಸವನ್ನೂ ಒಯ್ಯುತ್ತದೆ.

ನಂಬಿಕೆ: ಕ್ಯಾಶ್ ಎಂದರೆ ಕಸ, ಯಾವಾಗ ಬೇಕಾದರೂ ಅಳಿಸಬಹುದು.
ನಿಜ: ಮೊಬೈಲ್ ಆ್ಯಪ್, ಬ್ರೌಸರ್‌ಗಳ ಮಟ್ಟಿಗೆ ಬಹುತೇಕ ಸರಿ. ಅಲ್ಲಿ ಕ್ಯಾಶ್ ಮತ್ತೆ ಇಳಿಸಿಕೊಳ್ಳಬಹುದಾದ ಪ್ರತಿ. ವಿಂಡ್‌ಚಿಲ್‌ನ ಕ್ಯಾಶ್‌ನಲ್ಲಿ ಇನ್ನೂ ಎಲ್ಲಿಗೂ ಹೋಗದ ಮೂಲವೂ ಇರುತ್ತದೆ. ಸಾಲಿಡ್‌ವರ್ಕ್ಸ್ ಪಿಡಿಎಂನಲ್ಲಿ 'ಕ್ಲಿಯರ್ ಲೋಕಲ್ ಕ್ಯಾಶ್' ಎಂದರೆ ನೀವು ಚೆಕ್ ಔಟ್ ಮಾಡಿದ ಫೈಲುಗಳನ್ನು ಬಿಟ್ಟು ಉಳಿದವನ್ನು ಅಳಿಸುತ್ತದೆ. ಫೋಲ್ಡರನ್ನು ಕೈಯಿಂದ ಅಳಿಸಿದರೆ ಆ ರಕ್ಷಣೆ ಇಲ್ಲ.

ನಂಬಿಕೆ: 'ಅನ್‌ಡೂ ಚೆಕ್ ಔಟ್' ಎಂದರೆ ಬರೀ ಬೀಗ ತೆಗೆಯುವುದು.
ನಿಜ: ಅದು ಬೀಗ ತೆಗೆಯುತ್ತದೆ, ಜೊತೆಗೆ ಚೆಕ್ ಔಟ್ ಆದ ಮೇಲೆ ನೀವು ಮಾಡಿದ ಬದಲಾವಣೆಗಳನ್ನೂ ಕೈಬಿಡುತ್ತದೆ. ಗಾಬರಿಯಲ್ಲಿ ಒತ್ತುವ ಬಟನ್‌ಗಳಲ್ಲಿ ಹೆಚ್ಚು ಹಾನಿ ಮಾಡುವುದು ಇದು.

ನಂಬಿಕೆ: ಬೇರೆ ಕಂಪ್ಯೂಟರ್‌ನಿಂದ ಲಾಗಿನ್ ಆದರೆ ನನ್ನ ವರ್ಕ್‌ಸ್ಪೇಸ್ ಪೂರ್ತಿ ಸಿಗುತ್ತದೆ.
ನಿಜ: ಪಟ್ಟಿ ಸಿಗುತ್ತದೆ. ಅಪ್‌ಲೋಡ್ ಮಾಡದ ಬದಲಾವಣೆಗಳು ಹಳೆಯ ಯಂತ್ರದಲ್ಲೇ ಇರುತ್ತವೆ.

ಹಾಗಾದರೆ ಏನು ಮಾಡಬೇಕು? ಕ್ರಮ ಮುಖ್ಯ

ಮೊದಲ ಹೆಜ್ಜೆ: ಕೈ ತಡೆಯಿರಿ. ಕ್ಯಾಡ್ ಇನ್ನೂ ತೆರೆದಿದ್ದರೆ ಮುಚ್ಚಬೇಡಿ. ರ‍್ಯಾಮ್‌ನಲ್ಲಿರುವ ಪ್ರತಿಯೇ ಉಳಿದಿರುವ ಒಂದೇ ಒಳ್ಳೆಯ ಪ್ರತಿಯಾಗಿರಬಹುದು. ಕ್ರಿಯೋದಲ್ಲಿ 'ಸೇವ್ ಎ ಬ್ಯಾಕಪ್' ಆಯ್ಕೆ ಬಳಸಿ, ವರ್ಕ್‌ಸ್ಪೇಸ್‌ನ ಹೊರಗೆ ಡಿ ಡ್ರೈವ್‌ನ ಒಂದು ಸಾದಾ ಫೋಲ್ಡರ್‌ಗೆ ಇಳಿಸಿ. ಜೋಡಣೆ ಮತ್ತು ಅದರ ಭಾಗಗಳು ಅಲ್ಲಿಗೆ ಬರುತ್ತವೆ.

ಎರಡನೆಯ ಹೆಜ್ಜೆ: ದೋಷ ಸಂದೇಶದ ಫೋಟೊ ತೆಗೆದುಕೊಳ್ಳಿ. 'ಏನೋ ಎರರ್ ಬಂತು' ಎಂದರೆ ಯಾರೂ ನೆರವಾಗಲಾರರು. ಅದರಲ್ಲಿ ಒಂದು ಫೈಲಿನ ಹೆಸರಿದ್ದರೆ ಅರ್ಧ ತನಿಖೆ ಮುಗಿದಂತೆ.

ಮೂರನೆಯ ಹೆಜ್ಜೆ: ಕ್ಯಾಡ್ ಮುಚ್ಚಿದ ಮೇಲೆ ಇಡೀ ಕ್ಯಾಶ್ ಫೋಲ್ಡರನ್ನು ಇದ್ದಂತೆಯೇ ಬೇರೆ ಡ್ರೈವ್ ಅಥವಾ ಪೆನ್‌ಡ್ರೈವ್‌ಗೆ ನಕಲು ಮಾಡಿ. ಅದು ಎಲ್ಲಿದೆ ಎಂದು ತಿಳಿಯದಿದ್ದರೆ ವಿಂಡೋಸ್‌ನ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಲ್ಲಿ 'ಪಿಟಿಸಿ_ಡಬ್ಲ್ಯುಎಫ್_ರೂಟ್' ಎಂಬುದನ್ನು ನೋಡಿ. ಕಂಪನಿ ಬೇರೆ ಜಾಗ ಗೊತ್ತುಮಾಡಿದ್ದರೆ ಅದರಲ್ಲಿ ಇರುತ್ತದೆ. ಈ ನಕಲು ನಿಮ್ಮ ವಿಮೆ. ಮುಂದೆ ಏನೇ ಎಡವಟ್ಟಾದರೂ ಇಲ್ಲಿಗೆ ಮರಳಬಹುದು.

ನಾಲ್ಕನೆಯ ಹೆಜ್ಜೆ: ಸಾದಾ ಕಾರಣಗಳನ್ನು ತಳ್ಳಿಹಾಕಿ. ಡಿಸ್ಕ್‌ನಲ್ಲಿ ಜಾಗವಿದೆಯೇ? ಟಾಸ್ಕ್ ಮ್ಯಾನೇಜರ್‌ನಲ್ಲಿ ಹಳೆಯ ಎಕ್ಸ್‌ಟಾಪ್ ಓಡುತ್ತಿದೆಯೇ? ಲಾಗಿನ್ ಅವಧಿ ಮುಗಿದಿದೆಯೇ? ಸಹೋದ್ಯೋಗಿಗಳಿಗೂ ಇದೇ ತೊಂದರೆಯೇ? ಎಲ್ಲರಿಗೂ ಇದ್ದರೆ ತಪ್ಪು ಸರ್ವರ್‌ನದು, ನಿಮ್ಮದಲ್ಲ. ಕಾಯಿರಿ.

ಐದನೆಯ ಹೆಜ್ಜೆ: ಯಾವ ಫೈಲುಗಳು ಬದಲಾಗಿವೆ, ಇನ್ನೂ ಚೆಕ್ ಇನ್ ಆಗಿಲ್ಲ ಎಂದು ಪಟ್ಟಿ ಬರೆಯಿರಿ. ಉಳಿಸಬೇಕಾದದ್ದು ಈ ಪಟ್ಟಿ ಮಾತ್ರ. ಇನ್ನೂರು ಫೈಲುಗಳ ವರ್ಕ್‌ಸ್ಪೇಸ್‌ನಲ್ಲಿ ನೀವು ತಿದ್ದಿದ್ದು ಏಳೆಂಟೇ ಇರಬಹುದು.

ಆರನೆಯ ಹೆಜ್ಜೆ: 'ಸಿಂಕ್ರೊನೈಸ್' ಮಾಡಿ ನೋಡಿ. ಇದು ಸರ್ವರ್‌ನ ವಿವರಗಳ ಜೊತೆ ನಿಮ್ಮ ಪಟ್ಟಿಯನ್ನು ತಾಳೆ ನೋಡುತ್ತದೆ. ವಿಳಾಸ ಹಳೆಯದಾದ ಮೊದಲ ಬಗೆಯ ತೊಂದರೆ ಇದರಿಂದಲೇ ಹೋಗಬಹುದು. 'ಅಪ್‌ಡೇಟ್' ಬಗ್ಗೆ ಮಾತ್ರ ಎಚ್ಚರ. ಅದು ಸರ್ವರ್‌ನ ಪ್ರತಿಯನ್ನು ತಂದು ನೀವು ತಿದ್ದಿದ ಪ್ರತಿಯ ಮೇಲೆ ಕೂರಿಸಬಹುದು. ತಂತ್ರಾಂಶ ತೋರಿಸುವ ಎಚ್ಚರಿಕೆಯನ್ನು ಓದದೆ ಓಕೆ ಒತ್ತಬೇಡಿ.

ಏಳನೆಯ ಹೆಜ್ಜೆ: ಹೊಸ ಖಾಲಿ ವರ್ಕ್‌ಸ್ಪೇಸ್ ಮಾಡಿ, ಅದರಲ್ಲಿ ಅದೇ ಜೋಡಣೆಯನ್ನು ಕಾಮನ್‌ಸ್ಪೇಸ್‌ನಿಂದ ತೆರೆಯಿರಿ. ಈ ಒಂದು ಪರೀಕ್ಷೆ ಬಹಳ ಹೇಳುತ್ತದೆ. ಸರಿಯಾಗಿ ತೆರೆದರೆ ಅಧಿಕೃತ ಪ್ರತಿ ಚೆನ್ನಾಗಿದೆ, ಕೆಟ್ಟಿರುವುದು ಹಳೆಯ ವರ್ಕ್‌ಸ್ಪೇಸ್. ಇಲ್ಲೂ ತೆರೆಯದಿದ್ದರೆ ಇನ್ನೊಬ್ಬರ ಯಂತ್ರದಲ್ಲಿ ತೆರೆಸಿ ನೋಡಿ. ಅಲ್ಲಿ ತೆರೆದರೆ ತೊಂದರೆ ನಿಮ್ಮ ಯಂತ್ರದ್ದು. ಅಲ್ಲೂ ತೆರೆಯದಿದ್ದರೆ ಸಂಗ್ರಹದಲ್ಲಿರುವ ಆವೃತ್ತಿಯೇ ಕೆಟ್ಟಿದೆ. ಆಡಳಿತಗಾರರಿಗೆ ತಿಳಿಸಿ ಹಿಂದಿನ ಆವೃತ್ತಿ ತೆಗೆಸಬೇಕು.

ಎಂಟನೆಯ ಹೆಜ್ಜೆ: ಒಂದು ಫೈಲ್ ಮಾತ್ರ ಕೆಟ್ಟಿದೆ, ಯಾವುದೆಂದು ಗೊತ್ತಿಲ್ಲ ಎಂದಾದರೆ ಅರ್ಧ ಅರ್ಧ ಮಾಡುತ್ತ ಹೋಗಿ. 64 ಭಾಗಗಳಿದ್ದರೆ ಮೊದಲು 32 ಮಾತ್ರ ತೆರೆಯಿರಿ. ತೊಂದರೆ ಬಂದರೆ ಕೆಟ್ಟದ್ದು ಅದರಲ್ಲಿದೆ, ಬಾರದಿದ್ದರೆ ಉಳಿದ ಅರ್ಧದಲ್ಲಿದೆ. ಹೀಗೆ ಆರೇ ಸಲಕ್ಕೆ ಆ ಒಂದು ಫೈಲ್ ಸಿಗುತ್ತದೆ.

ಒಂಬತ್ತನೆಯ ಹೆಜ್ಜೆ: ಹೊಸ ವರ್ಕ್‌ಸ್ಪೇಸ್‌ನಲ್ಲಿ ಮೂಲ ಫೈಲುಗಳನ್ನು ಚೆಕ್ ಔಟ್ ಮಾಡಿ, ಬ್ಯಾಕಪ್‌ನಲ್ಲಿ ಉಳಿಸಿಕೊಂಡ ಬದಲಾವಣೆಗಳನ್ನು ಆಮದು ಮಾಡಿಕೊಳ್ಳಿ. ಹೆಸರು ಒಂದೇ ಇರುವುದರಿಂದ ಇಲ್ಲಿ ತಪ್ಪಾಗುವುದು ಸುಲಭ. ಮೊದಲ ಸಲವಾದರೆ ಆಡಳಿತಗಾರರನ್ನು ಜೊತೆಗೆ ಇಟ್ಟುಕೊಂಡೇ ಮಾಡಿ. ಆಮೇಲೆ ಅಳತೆ, ತೂಕ, ಭಾಗಗಳ ಸಂಖ್ಯೆಯನ್ನು ತಾಳೆ ನೋಡಿ. ತೆರೆದುಕೊಂಡಿತು ಎಂದ ಮಾತ್ರಕ್ಕೆ ಸರಿಯಿದೆ ಎಂದಲ್ಲ.

ಹತ್ತನೆಯ ಹೆಜ್ಜೆ: ಸಣ್ಣ ಸಣ್ಣ ಗುಂಪುಗಳಾಗಿ ಚೆಕ್ ಇನ್ ಮಾಡಿ. ಎಲ್ಲವೂ ಸೇರಿದ ಮೇಲೆ ಮಾತ್ರ ಹಳೆಯ ವರ್ಕ್‌ಸ್ಪೇಸ್ ಅಳಿಸಿ, ಕ್ಯಾಶ್ ಖಾಲಿ ಮಾಡಿ. ಮೂರನೆಯ ಹೆಜ್ಜೆಯ ನಕಲನ್ನು ಇನ್ನೂ ಕೆಲವು ದಿನ ಇಟ್ಟುಕೊಂಡಿರಿ.

ಗಮನಿಸಿ: ಎಲ್ಲರೂ ಮೊದಲು ಮಾಡುವ 'ಅಳಿಸುವ' ಕೆಲಸ ಈ ಪಟ್ಟಿಯಲ್ಲಿ ಕೊನೆಯದು.

ಆಟೋಕ್ಯಾಡ್ ನಕ್ಷೆಯೇ ಕೆಟ್ಟಿದ್ದರೆ

ಸರ್ವರ್ ಇಲ್ಲದೆ ಒಂಟಿಯಾಗಿ ಆಟೋಕ್ಯಾಡ್ ಬಳಸುವ ವಿದ್ಯಾರ್ಥಿಗಳು, ಸರ್ವೆ ಮಾಡುವವರು, ಸಣ್ಣ ಫ್ಯಾಬ್ರಿಕೇಶನ್ ಅಂಗಡಿಯವರಿಗೂ ದಾರಿಗಳಿವೆ. ನಕ್ಷೆ ತೆರೆಯದಿದ್ದರೆ 'ರಿಕವರ್' ಆಜ್ಞೆಯಿಂದ ತೆರೆಯಿರಿ. ತೆರೆದರೂ ತೊಂದರೆ ಕೊಡುತ್ತಿದ್ದರೆ 'ಆಡಿಟ್' ಆಜ್ಞೆ ದೋಷಗಳನ್ನು ಹುಡುಕಿ ಸರಿಪಡಿಸುತ್ತದೆ. ಅದೇ ಫೋಲ್ಡರ್‌ನಲ್ಲಿ ಡಾಟ್ ಬಿಎಕೆ ಎಂದು ಕೊನೆಯಾಗುವ ಫೈಲ್ ಇದ್ದರೆ ಅದು ಹಿಂದಿನ ಸೇವ್‌ನ ಪ್ರತಿ. ಅದನ್ನು ನಕಲು ಮಾಡಿ, ನಕಲಿನ ಕೊನೆಯನ್ನು ಡಾಟ್ ಡಿಡಬ್ಲ್ಯುಜಿ ಎಂದು ಬದಲಿಸಿದರೆ ತೆರೆಯುತ್ತದೆ. ಇದಲ್ಲದೆ ಆಟೋಕ್ಯಾಡ್ ತಾನಾಗಿಯೇ 10 ನಿಮಿಷಕ್ಕೊಮ್ಮೆ ತಾತ್ಕಾಲಿಕ ಪ್ರತಿ ಇಡುವಂತೆ ಮೊದಲೇ ಹೊಂದಿಸಿರುತ್ತಾರೆ. 'ಡ್ರಾಯಿಂಗ್ ರಿಕವರಿ ಮ್ಯಾನೇಜರ್' ಅದನ್ನು ಹುಡುಕಿ ಕೊಡುತ್ತದೆ. ಕರೆಂಟ್ ಪದೇ ಪದೇ ಹೋಗುವ ಕಡೆ ಈ ಅವಧಿಯನ್ನು 5 ನಿಮಿಷಕ್ಕೆ ಇಳಿಸಿಕೊಳ್ಳುವುದು ಒಳ್ಳೆಯದು.

ಒಂದು ಫೈಲಿಗೆ ಇಷ್ಟೆಲ್ಲ ಬೇಕೇ?

ಬೇಕು. ಕಾರಣ ಈ ಫೈಲುಗಳು ಕೊನೆಗೆ ಕಬ್ಬಿಣ, ಸಿಮೆಂಟ್ ಆಗುತ್ತವೆ. 2023ರ ಜನವರಿ 19ರಂದು ಇದೇ ಕೊಡೇಕಲ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು ನಾರಾಯಣಪುರ ಎಡದಂಡೆ ಕಾಲುವೆಯ ವಿಸ್ತರಣೆ, ನವೀಕರಣ ಮತ್ತು ಆಧುನೀಕರಣ ಯೋಜನೆಯನ್ನು ಉದ್ಘಾಟಿಸಿದರು. 10,000 ಕ್ಯೂಸೆಕ್ ಸಾಮರ್ಥ್ಯದ ಈ ಕಾಲುವೆಯ ಅಚ್ಚುಕಟ್ಟು 4.5 ಲಕ್ಷ ಹೆಕ್ಟೇರ್. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ 560 ಹಳ್ಳಿಗಳ ಮೂರು ಲಕ್ಷಕ್ಕೂ ಹೆಚ್ಚು ರೈತರಿಗೆ ಇದರಿಂದ ಅನುಕೂಲ ಎಂದು ಸರ್ಕಾರ ಹೇಳಿದೆ. ಕಾಲುವೆಗಳ ಗೇಟುಗಳನ್ನು ದೂರದಿಂದಲೇ ನಿಯಂತ್ರಿಸುವ ಸ್ಕಾಡಾ ವ್ಯವಸ್ಥೆಯನ್ನೂ ಇಲ್ಲಿ ಅಳವಡಿಸಲಾಗಿದೆ.

ಇಂಥ ಕಾಲುವೆಯ ಒಂದು ಗೇಟನ್ನು ಊಹಿಸಿಕೊಳ್ಳಿ. ವಿನ್ಯಾಸಗಾರರು ಅದರ ಅಗಲವನ್ನು 20 ಮಿಲಿಮೀಟರ್ ತಿದ್ದಿದ್ದಾರೆ. ತಿದ್ದಿದ ಪ್ರತಿ ಕೆಟ್ಟ ವರ್ಕ್‌ಸ್ಪೇಸ್‌ನಲ್ಲಿ ಸಿಕ್ಕಿಕೊಂಡಿದೆ. ಗಾಬರಿಯಲ್ಲಿ 'ಅನ್‌ಡೂ ಚೆಕ್ ಔಟ್' ಒತ್ತಲಾಗಿದೆ. ಸರ್ವರ್‌ನಲ್ಲಿ ಹಳೆಯ ಅಳತೆ ಉಳಿದಿದೆ, ಕಾರ್ಖಾನೆ ಅದನ್ನೇ ನಂಬಿ ಗೇಟು ತಯಾರಿಸುತ್ತದೆ. ಇದು ಊಹೆಯ ಉದಾಹರಣೆ; ಈ ಯೋಜನೆಯಲ್ಲಿ ಹೀಗಾಯಿತು ಎಂದು ನಾವು ಹೇಳುತ್ತಿಲ್ಲ. ಆದರೆ ಕೂರದ ಗೇಟಿನ ಫಲ ಉಣ್ಣುವವರು ಕಾಲುವೆಯ ತುದಿಯಲ್ಲಿ ನೀರಿಗೆ ಕಾಯುವ ರೈತರು ಎಂಬುದು ಊಹೆಯಲ್ಲ.

ಜಗತ್ತಿನ ದೊಡ್ಡ ಕಂಪನಿಗಳೂ ಇದರಿಂದ ಹೊರತಲ್ಲ. ಏರ್‌ಬಸ್ ಎ380 ವಿಮಾನದಲ್ಲಿ ಸುಮಾರು 530 ಕಿಲೋಮೀಟರ್ ವಿದ್ಯುತ್ ತಂತಿ ಇದೆ. ಜರ್ಮನಿಯ ಹ್ಯಾಂಬರ್ಗ್ ತಂಡ ಕಟಿಯಾ ತಂತ್ರಾಂಶದ ಹಳೆಯ ಆವೃತ್ತಿಯನ್ನೂ, ಫ್ರಾನ್ಸಿನ ತೂಲೂಸ್ ತಂಡ ಹೊಸ ಆವೃತ್ತಿಯನ್ನೂ ಬಳಸುತ್ತಿದ್ದವು. ವಿನ್ಯಾಸದ ಬದಲಾವಣೆಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಾಗಿ ತಲುಪದೆ, ಜೋಡಿಸುವಾಗ ತಂತಿಗಳ ಉದ್ದ ಸಾಲದೆ ಬಂತು. ವಿಮಾನಗಳ ಪೂರೈಕೆ ಸುಮಾರು ಎರಡು ವರ್ಷ ತಡವಾಯಿತು. ಮೊದಲ ಎ380 ಸಿಂಗಪುರ ಏರ್‌ಲೈನ್ಸ್ ಕೈಸೇರಿದ್ದು 2007ರ ಅಕ್ಟೋಬರ್‌ನಲ್ಲಿ. ಅಲ್ಲಿ ಕೆಟ್ಟದ್ದು ವರ್ಕ್‌ಸ್ಪೇಸ್ ಅಲ್ಲ, ಆದರೆ ಮೂಲ ಕಾಯಿಲೆ ಒಂದೇ: ಎರಡು ಕಡೆ ಎರಡು ಪ್ರತಿ, ಯಾವುದು ಸರಿ ಎಂಬ ಒಪ್ಪಂದ ಇಲ್ಲ.

ಮತ್ತೆ ಆಗದಂತೆ ತಡೆಯಲು

- ದಿನದ ಕೊನೆಗೆ ಚೆಕ್ ಇನ್ ಮಾಡಿ. ಕೆಲಸ ಅರ್ಧವಾಗಿದ್ದು ಚೆಕ್ ಇನ್ ಮಾಡಲಾಗದಿದ್ದರೆ ಕನಿಷ್ಠ ಅಪ್‌ಲೋಡ್ ಮಾಡಿ.
- ಒಂದು ಕೆಲಸಕ್ಕೆ ಒಂದು ವರ್ಕ್‌ಸ್ಪೇಸ್. ಮುಗಿದ ಮೇಲೆ ಅದನ್ನು ತೆಗೆದುಬಿಡಿ. ಎರಡು ವರ್ಷದಿಂದ ಬೆಳೆಯುತ್ತ ಬಂದ ಒಂದೇ ವರ್ಕ್‌ಸ್ಪೇಸ್ ತೊಂದರೆಗಳ ಗೂಡು.
- ಕ್ಯಾಶ್ ಫೋಲ್ಡರ್ ಇರುವ ಡ್ರೈವ್‌ನಲ್ಲಿ ಜಾಗ ಖಾಲಿ ಇಡಿ. ಅದನ್ನು ಒನ್‌ಡ್ರೈವ್ ಸಿಂಕ್‌ನಿಂದ ಹೊರಗಿಡಿ. ಆ್ಯಂಟಿವೈರಸ್ ವಿನಾಯಿತಿ ಬೇಕಿದ್ದರೆ ಕಂಪನಿಯ ಐಟಿ ವಿಭಾಗವನ್ನು ಕೇಳಿಯೇ ಮಾಡಿ.
- ಹಾಟ್‌ಸ್ಪಾಟ್‌ನಲ್ಲಿ ದೊಡ್ಡ ಚೆಕ್ ಇನ್ ಬೇಡ, ಕಂತುಗಳಲ್ಲಿ ಕಳಿಸಿ.
- ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ತಿಂಗಳಿಗೊಮ್ಮೆ ನೋಡಿ. ಪರೀಕ್ಷೆಗೆ ಮೊದಲು ಎಲ್ಲವನ್ನೂ ಸೇವ್ ಮಾಡಿರಿ.

ಒಟ್ಟಾರೆ ಹೇಳುವುದಾದರೆ

ವರ್ಕ್‌ಸ್ಪೇಸ್ ಕೆಟ್ಟಾಗ ಅದನ್ನು ಅಳಿಸುವುದು ತಪ್ಪಲ್ಲ, ಮೊದಲು ಅಳಿಸುವುದು ತಪ್ಪು. ನಕಲು, ತನಿಖೆ, ಉಳಿಸಿಕೊಳ್ಳುವುದು, ತಾಳೆ ನೋಡುವುದು, ಆಮೇಲೆ ಅಳಿಸುವುದು. ಇದೇ ಕ್ರಮ.

ನಮ್ಮ ಶಹಾಪುರದ ಪರಿಚಿತರು ಏನಾದರು? ಕ್ಯಾಶ್ ನಕಲು ಮಾಡಿಕೊಂಡು, ಮರುದಿನ ಕಂಪನಿಯ ಆಡಳಿತಗಾರರ ಜೊತೆ ಕೂತು ನೋಡಿದಾಗ ಕೆಟ್ಟಿದ್ದದ್ದು ಕರೆಂಟ್ ಹೋದ ಗಳಿಗೆಯಲ್ಲಿ ಸೇವ್ ಆಗುತ್ತಿದ್ದ ಒಂದೇ ಒಂದು ಭಾಗ. ಅದನ್ನು ಹಿಂದಿನ ಆವೃತ್ತಿಯಿಂದ ತೆಗೆದು ಮತ್ತೆ ತಿದ್ದಲು ಅವರಿಗೆ ಒಂದು ಮಧ್ಯಾಹ್ನ ಹಿಡಿಯಿತು. ಉಳಿದ ಮೂರು ದಿನದ ಕೆಲಸ ಇದ್ದಲ್ಲೇ ಇತ್ತು. ಈಗ ಅವರು ಸಂಜೆ ಚಹಾಕ್ಕೆ ಏಳುವ ಮೊದಲು ಚೆಕ್ ಇನ್ ಮಾಡುತ್ತಾರೆ. ಹೊಸ ಬ್ಯಾಟರಿಯನ್ನೂ ಹಾಕಿಸಿದ್ದಾರೆ.